ಕುಡಿಯದೇ ಅಮಲೇರುತ್ತಿದೆಯಾ? ಹೊಟ್ಟೆಯೊಳಗಿನ ಭಟ್ಟಿಯನ್ನು ಪತ್ತೆ ಹಚ್ಚುವುದು ಹೇಗೆ

ಗಂಟಲಿಗೆ ಒಂದು ತೊಟ್ಟೂ ಇಳಿಸದೆ ಅಮಲೇರುವ ಕಾಯಿಲೆ ನಿಜವಾಗಿಯೂ ಇದೆ. ಆಟೋ ಬ್ರೂವರಿ ಸಿಂಡ್ರೋಮ್ ಅಂತ ಅದರ ಹೆಸರು. ತಿಂದ ಅನ್ನ, ಬ್ರೆಡ್ಡು, ಸಿಹಿ ಇವನ್ನೆಲ್ಲ ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿ ಮದ್ಯಸಾರ ಮಾಡುತ್ತವೆ, ಅದು ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ಬೆಳಿಗ್ಗೆ ಮರದಿಂದ ಇಳಿಸಿದ ನೀರಾ ಬಿಸಿಲೇರುವ ಹೊತ್ತಿಗೆ ಹೆಂಡವಾಗುತ್ತದಲ್ವಾ, ಅದೇ ಕೆಲಸ ಇಲ್ಲಿ ಮಡಕೆಯ ಬದಲು ಹೊಟ್ಟೆಯಲ್ಲಿ ನಡೆಯುತ್ತದೆ.

ತುಂಬಾ ಅಪರೂಪದ ಕಾಯಿಲೆ ಇದು. ಮನೆಯವರು "ಏನ್ರೀ, ಮತ್ತೆ ಹಾಕ್ಕೊಂಡ್ ಬಂದ್ರಾ?" ಅಂತ ಕೇಳಿದಾಗ ಹೇಳಿಕೊಳ್ಳಲು ಸಿಕ್ಕ ಒಳ್ಳೆಯ ನೆಪ ಅಂತ ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಟೆಸ್ಟ್‌ಗಳಲ್ಲಿ ಸಿಕ್ಕಿಬೀಳುವುದು ಗ್ಯಾರಂಟಿ. ಇನ್ನೊಂದು ಕಡೆ, ನಿಜವಾಗಿಯೂ ಈ ಕಾಯಿಲೆ ಇದ್ದವರನ್ನು ವರ್ಷಗಟ್ಟಲೆ ಯಾರೂ ನಂಬಿಲ್ಲ. ಟೊರೊಂಟೊದ 50 ವರ್ಷದ ಒಬ್ಬ ಮಹಿಳೆ ಏಳು ಸಲ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕಾಯಿತು. 2024ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಆಕೆಯ ಕಥೆ ಬಂತು. ನಂಬುವುದು, ನಂಬದಿರುವುದು ಎರಡರಿಂದಲೂ ಇಲ್ಲಿ ಏನೂ ಇತ್ಯರ್ಥವಾಗಲ್ಲ. ರಕ್ತದ ರಿಪೋರ್ಟು, ಗಡಿಯಾರದ ಸಮಯ, ಪಕ್ಕದಲ್ಲಿದ್ದ ಸಾಕ್ಷಿ, ಈ ಮೂರು ಒಟ್ಟಿಗೆ ಬೇಕು. ಅವನ್ನು ಹೇಗೆ ಹೊಂದಿಸಿಕೊಳ್ಳುವುದು ಅಂತ ಹೇಳುವುದಕ್ಕೇ ಈ ಲೇಖನ.

ಹೆಜ್ಜೆ 1: ಆ ಕ್ಷಣಕ್ಕೆ ಗ್ಲುಕೋಮೀಟರ್ ಹಿಡಿಯಿರಿ

ಯಾರಾದರೂ ತೂರಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಅದಕ್ಕೆ ಕಾರಣ ಅಪರೂಪದ ಕಾಯಿಲೆಯೇ ಆಗಿರುವ ಸಾಧ್ಯತೆ ಬಹಳ ಕಡಿಮೆ. ನಮ್ಮ ಮನೆಗಳಲ್ಲಿ ಶುಗರ್ ಮಾತ್ರೆ ತಗೊಳ್ಳುವವರು ಎಷ್ಟು ಜನ ಇದ್ದಾರೆ ನೋಡಿ. ಸಕ್ಕರೆ ದಿಢೀರ್ ಇಳಿದರೆ ಮನುಷ್ಯ ಥೇಟ್ ಕುಡಿದವನ ಹಾಗೇ ಕಾಣುತ್ತಾನೆ: ಬೆವರು, ಸಿಡಿಮಿಡಿ, ತಪ್ಪು ಹೆಜ್ಜೆ, ಅರ್ಥವಿಲ್ಲದ ಮಾತು. ರೀಡಿಂಗ್ 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಸಕ್ಕರೆ ವಿಪರೀತ ಏರಿದಾಗಲೂ ಎಚ್ಚರಿಕೆ ಬೇಕು. ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಕೀಟೋನ್ ಜಾಸ್ತಿಯಾಗಿ ಉಸಿರಿನಲ್ಲಿ ಹಣ್ಣು ಕಳಿತಂಥ ವಾಸನೆ ಬರುತ್ತದೆ, ವಾಂತಿ, ಏದುಸಿರು ಇರುತ್ತದೆ. ಪಕ್ಕದ ಮನೆಯವರು ಅದನ್ನೇ ಎಣ್ಣೆ ವಾಸನೆ ಅಂದುಬಿಡುತ್ತಾರೆ. ಅದು ಕೂಡಲೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.

ಮುಖ ಒಂದು ಕಡೆ ವಾಲಿದ್ದರೆ, ಒಂದು ಕೈ ಎತ್ತಲಾಗದಿದ್ದರೆ ಪಾರ್ಶ್ವವಾಯು ಇರಬಹುದು. ತಲೆಗೆ ಪೆಟ್ಟು ಬಿದ್ದಿತ್ತಾ ಕೇಳಿ. "ಕುಡ್ದಿದ್ದಾನೆ ಬಿಡು, ಮಲಗಿದ್ರೆ ಸರಿಹೋಗುತ್ತೆ" ಅಂದ ಕಡೆಯೇ ಜೀವಗಳು ಹೋಗುವುದು.

ಹೆಜ್ಜೆ 2: ಹೊರಗಿನಿಂದ ಬಂದ ಮದ್ಯಸಾರವನ್ನು ಹುಡುಕಿ

ಬಾಟಲಿ ಒಂದೇ ಅಲ್ಲ. ಮನೆಯ ಔಷಧಿ ಡಬ್ಬಿ ತೆಗೆಯಿರಿ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ, ಅಶೋಕಾರಿಷ್ಟ, ಹೀಗೆ ಆಸವ ಮತ್ತು ಅರಿಷ್ಟ ಅಂತ ಬರುವ ಎಲ್ಲ ಔಷಧಗಳೂ ಹುದುಗಿಸಿಯೇ ತಯಾರಾಗುವವು, ಅವುಗಳಲ್ಲೇ ಹುಟ್ಟಿದ ಮದ್ಯಸಾರ ಇರುತ್ತದೆ, ಲೇಬಲ್ ಮೇಲೆ ಬರೆದೂ ಇರುತ್ತಾರೆ. ಕೆಲವು ಕೆಮ್ಮಿನ ಸಿರಪ್, ಟಾನಿಕ್, ಹೋಮಿಯೋಪತಿ ಹನಿ, ಮೌತ್‌ವಾಶ್ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಎರಡು ಚಮಚ ಅರಿಷ್ಟಕ್ಕೆ ಯಾರೂ ತೂರಾಡಲ್ಲ, ಆದರೆ ಬಾಯಲ್ಲಿ ಉಳಿದ ಅದೇ ಎರಡು ಚಮಚ ಬ್ರೆತ್ ಅನಲೈಸರ್ ಯಂತ್ರವನ್ನು ಸ್ವಲ್ಪ ಹೊತ್ತು ಕುಣಿಸಬಲ್ಲದು.

ಗುಟ್ಟಾಗಿ ಕುಡಿಯುವ ಸಾಧ್ಯತೆಯನ್ನೂ ನೇರವಾಗಿ ಕೇಳಿ, ಜಗಳವಾಡದೆ. ಹೌದು ಅಂದರೆ ಅದಕ್ಕೂ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ.

ಹೆಜ್ಜೆ 3: ಈ ಕಾಯಿಲೆ ಬರಲು ದಾರಿ ಇದೆಯಾ ನೋಡಿ

ಎಲ್ಲರ ಕರುಳಿನಲ್ಲೂ ಚೂರುಪಾರು ಮದ್ಯಸಾರ ಹುಟ್ಟುತ್ತಲೇ ಇರುತ್ತದೆ. ಲಿವರ್ ಅದನ್ನು ಅಲ್ಲಲ್ಲೇ ಮುಗಿಸಿಬಿಡುವುದರಿಂದ ನಮಗೆ ಗೊತ್ತಾಗಲ್ಲ. ಜಠರದ ಆಮ್ಲ ಬಹಳಷ್ಟು ಜೀವಿಗಳನ್ನು ಕೊಲ್ಲುತ್ತದೆ, ಸಣ್ಣ ಕರುಳಿನಲ್ಲಿ ಜನಸಂಖ್ಯೆ ಕಡಿಮೆ, ದೊಡ್ಡ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಸಕ್ಕರೆ ಹುಳಿಸುವ ಯೀಸ್ಟ್ ಎಂಬ ಫಂಗಸನ್ನು ಮೂಲೆಯಲ್ಲಿ ಕೂರಿಸಿರುತ್ತವೆ. ಈ ವ್ಯವಸ್ಥೆ ಕೆಟ್ಟಾಗ ಮಾತ್ರ ಯೀಸ್ಟು ಮೆರೆಯುತ್ತದೆ.

ಕೆಡಿಸುವುದರಲ್ಲಿ ಮೊದಲ ಹೆಸರು ಆಂಟಿಬಯೋಟಿಕ್‌ನದ್ದು. 2019ರಲ್ಲಿ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್ ವೈದ್ಯರು ವರದಿ ಮಾಡಿದ 46 ವರ್ಷದ ರೋಗಿಗೆ ಎಲ್ಲ ಶುರುವಾಗಿದ್ದು 2011ರಲ್ಲಿ ಹೆಬ್ಬೆರಳಿನ ಗಾಯಕ್ಕೆ ತೆಗೆದುಕೊಂಡ ಆಂಟಿಬಯೋಟಿಕ್ ಕೋರ್ಸಿನ ನಂತರ. ಟೊರೊಂಟೊದ ಮಹಿಳೆಗೆ ಪದೇ ಪದೇ ಮೂತ್ರದ ಸೋಂಕು, ಪದೇ ಪದೇ ಆಂಟಿಬಯೋಟಿಕ್. ಇದರ ಜೊತೆ ಸಕ್ಕರೆ ಕಾಯಿಲೆ, ಜಠರ ಅಥವಾ ಕರುಳಿನ ಆಪರೇಷನ್, ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆ, ನಿಧಾನವಾದ ಕರುಳು, ಲಿವರ್ ತೊಂದರೆ, ಇವು ಏನಾದರೂ ಇವೆಯಾ ಅಂತ ಹಳೇ ಫೈಲು ತೆಗೆದು ನೋಡಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೇಳಿ ತಗೊಂಡ ಮಾತ್ರೆಗಳನ್ನೂ ನೆನಪು ಮಾಡಿಕೊಳ್ಳಿ, ಅದು ಯಾವ ಫೈಲಿನಲ್ಲೂ ಇರಲ್ಲ.

ಹೊಟ್ಟೆ ಉಬ್ಬರ, ತೇಗು, ಭೇದಿ, ಊಟವಾದ ಕೆಲವು ಗಂಟೆಗೆ ಮಂಕು ಕವಿಯುವುದು, ಕಾರಣವಿಲ್ಲದ ಬೇಸರ, ಮರೆವು. ಇವುಗಳಲ್ಲಿ ಒಂದೊಂದೇ ಇದ್ದರೆ ಅಂಥ ಅರ್ಥವೇನಿಲ್ಲ, ಮಧ್ಯಾಹ್ನ ಅನ್ನ ಉಂಡು ತೂಕಡಿಸುವುದು ಊರಿಗೆಲ್ಲ ಇರುವ ಕಾಯಿಲೆ! ಎಲ್ಲ ಸೇರಿ, ಜೊತೆಗೆ ವಾಸನೆಯೂ ಬಂದರೆ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 4: ಒಂದು ನೋಟ್‌ಬುಕ್ ಇಡಿ

ವೈದ್ಯರ ಮುಂದೆ "ಯಾವಾಗಲೂ ಹೀಗಾಗುತ್ತೆ ಡಾಕ್ಟ್ರೇ" ಅನ್ನುವುದಕ್ಕೂ, ಎರಡು ವಾರದ ಬರಹ ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ತಿಂದದ್ದು ಏನು, ಎಷ್ಟು ಗಂಟೆಗೆ, ಯಾವ ಮಾತ್ರೆ, ಅಮಲು ಶುರುವಾಗಿದ್ದು ಎಷ್ಟಕ್ಕೆ, ಇಳಿದದ್ದು ಎಷ್ಟಕ್ಕೆ, ಆಗ ಶುಗರ್ ಎಷ್ಟಿತ್ತು, ಪಕ್ಕದಲ್ಲಿ ಯಾರಿದ್ದರು. ಇಷ್ಟು ಸಾಕು. ನೋಡಿದವರೇ ಬರೆದು ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅಮಲಿನಲ್ಲಿದ್ದವರ ನೆನಪನ್ನು ನಂಬುವಂತಿಲ್ಲ. ವಿಡಿಯೋ ಮಾಡಿಟ್ಟುಕೊಳ್ಳಿ, ಆದರೆ ಫ್ಯಾಮಿಲಿ ಗ್ರೂಪಿಗೆ ಮಾತ್ರ ಹಾಕಬೇಡಿ, ಮರ್ಯಾದೆ ಪ್ರಶ್ನೆ.

ಮನೆಯಲ್ಲಿ ಊದುವ ಯಂತ್ರ ಇಟ್ಟುಕೊಳ್ಳುವುದಾದರೆ ಫ್ಯೂಯೆಲ್ ಸೆಲ್ ಸೆನ್ಸರ್ ಇರುವುದನ್ನೇ ಕೊಳ್ಳಿ. ಅಗ್ಗದ ಸೆಮಿಕಂಡಕ್ಟರ್ ಸೆನ್ಸರ್‌ಗಳು ಅಸಿಟೋನ್ (ಅದೂ ಒಂದು ಕೀಟೋನ್) ಕಂಡರೂ ಮದ್ಯಸಾರ ಅಂದುಬಿಡಬಹುದು. ತಮಾಷೆ ಏನೆಂದರೆ, ಈ ಕಾಯಿಲೆಗೆ ಅನ್ನ ಬಿಟ್ಟವರ ಉಸಿರಿನಲ್ಲೇ ಅಸಿಟೋನ್ ಜಾಸ್ತಿ ಇರುತ್ತದೆ! ಪಥ್ಯ ಸರಿಯಾಗಿ ಮಾಡಿದವರನ್ನೇ ಯಂತ್ರ ಕುಡುಕರು ಅಂತ ತೋರಿಸಿದರೆ ಕಷ್ಟ. ಊದುವ ಮುಂಚೆ 15 ನಿಮಿಷ ಏನನ್ನೂ ಬಾಯಿಗೆ ಹಾಕಬೇಡಿ.

ಹೆಜ್ಜೆ 5: ಸ್ಯಾಂಪಲ್ ಸರಿಯಾಗಿ ಕೊಡಿಸಿ

ಇದನ್ನು ಸಾಮಾನ್ಯವಾಗಿ ಯಾರೂ ಹೇಳಿಕೊಡಲ್ಲ, ಆದರೆ ಇಲ್ಲೇ ಅರ್ಧ ಕೇಸು ಹಾಳಾಗುತ್ತದೆ. ಅಮಲಿರುವಾಗಲೇ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಮದ್ಯಸಾರದ ಮಟ್ಟ ನೋಡಿ ಅಂತ ಕೇಳಿ. ಸೂಜಿ ಚುಚ್ಚುವ ಜಾಗಕ್ಕೆ ಸ್ಪಿರಿಟ್ ಹತ್ತಿ ಸವರದೆ, ಮದ್ಯಸಾರ ಇಲ್ಲದ ಕ್ರಿಮಿನಾಶಕ ಬಳಸಲು ಹೇಳಿ. ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹಾಕಿಸಿ, ಶುಗರ್ ಟೆಸ್ಟಿಗೆ ಬಳಸುವ ಟ್ಯೂಬೇ ಅದು. ಫ್ಲೋರೈಡ್ ಇಲ್ಲದಿದ್ದರೆ ಟ್ಯೂಬಿನೊಳಗೇ ಹುದುಗಿ ಹೊಸ ಮದ್ಯಸಾರ ಹುಟ್ಟುವ ಅಪಾಯ ಇದೆ.

ಮೂತ್ರದ ವಿಷಯದಲ್ಲಂತೂ ಇದು ನಿಜಕ್ಕೂ ನಡೆದಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 61 ವರ್ಷದ ಒಬ್ಬ ಮಹಿಳೆಗೆ ಲಿವರ್ ಸಿರೋಸಿಸ್, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ. ಲಿವರ್ ಕಸಿ ಮಾಡಬೇಕು, ಆದರೆ ಮೂತ್ರದ ಟೆಸ್ಟಿನಲ್ಲಿ ಸಲಸಲವೂ ಮದ್ಯಸಾರ. ಕುಡಿಯುವುದನ್ನು ಮುಚ್ಚಿಡುತ್ತಿದ್ದಾರೆ ಅಂತಲೇ ಎಲ್ಲರೂ ತಿಳಿದರು. ರಕ್ತ ನೋಡಿದರೆ ಅಲ್ಲಿ ಇಲ್ಲ. ದೇಹ ಮದ್ಯಸಾರವನ್ನು ಅರಗಿಸಿದಾಗ ಉಳಿಯುವ ಈಥೈಲ್ ಗ್ಲುಕ್ಯುರೋನೈಡ್ ಎಂಬ ಕುರುಹೂ ಮೂತ್ರದಲ್ಲಿ ಇಲ್ಲ. ಕೊನೆಗೆ ಗೊತ್ತಾಗಿದ್ದು, ಮೂತ್ರಕೋಶದಲ್ಲಿದ್ದ ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಯೀಸ್ಟು ಮೂತ್ರದ ಸಕ್ಕರೆಯನ್ನೇ ಹುಳಿಸುತ್ತಿತ್ತು. 2020ರಲ್ಲಿ ವರದಿಯಾದ ಈ ಪ್ರಕರಣದಲ್ಲಿ ಅವರಿಗೆ ಅಮಲೇ ಇರಲಿಲ್ಲ, ಕಳಂಕ ಮಾತ್ರ ಇತ್ತು. ಹಾಗಾಗಿ ಬರೀ ಮೂತ್ರದ ರಿಪೋರ್ಟ್ ನೋಡಿ ಯಾರಾದರೂ ತೀರ್ಪು ಕೊಟ್ಟರೆ ರಕ್ತದ ಟೆಸ್ಟನ್ನೂ ಈ ಕುರುಹಿನ ಟೆಸ್ಟನ್ನೂ ಕೇಳಿ. ಕರುಳಿನ ಕಾಯಿಲೆಗೆ ಮಾತ್ರ ಈ ಕುರುಹು ಸಹಾಯಕ್ಕೆ ಬರಲ್ಲ: ಮದ್ಯಸಾರ ಕರುಳಿನಿಂದ ಬಂದರೂ ಬಾಟಲಿಯಿಂದ ಬಂದರೂ ರಕ್ತಕ್ಕೆ ಸೇರಿದ ಮೇಲೆ ಲಿವರ್ ಅದನ್ನು ಒಂದೇ ರೀತಿ ಅರಗಿಸುತ್ತದೆ.

ಹೆಜ್ಜೆ 6: ಕಾವಲಿನಲ್ಲಿ ಗ್ಲೂಕೋಸ್ ಟೆಸ್ಟ್

ನಿರ್ಣಯ ಆಗುವುದು ಇಲ್ಲೇ. ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ ಮತ್ತು ಕರುಳಿನ ವೈದ್ಯರ ಹತ್ತಿರ ಹೋಗಿ. ಹೆಸರು ಕೇಳಿ ಅವರು ನಕ್ಕರೂ ಬೇಜಾರಾಗಬೇಡಿ, ನೋಟ್‌ಬುಕ್ ತೆಗೆದು ಮೇಜಿನ ಮೇಲಿಡಿ.

ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿದ್ದು, ಬೆಳಿಗ್ಗೆ ಮೊದಲ ರಕ್ತ ಕೊಟ್ಟು, ಆಮೇಲೆ ಗ್ಲೂಕೋಸ್ ಕುಡಿಯಬೇಕು. ಸ್ಟೇಟನ್ ಐಲೆಂಡ್ ವೈದ್ಯರ ಕ್ರಮದಲ್ಲಿ 200 ಗ್ರಾಂ. ನಂತರ ಅರ್ಧ ಗಂಟೆ, 1, 2, 4, 8, 16, 24 ಗಂಟೆಗೆ ರಕ್ತದ ಮದ್ಯಸಾರ ಅಳೆಯುತ್ತಾರೆ. 24 ಗಂಟೆಯೂ ಆಸ್ಪತ್ರೆಯಲ್ಲಿ, ಯಾರಾದರೂ ನೋಡುತ್ತಿರಬೇಕು. ಬ್ಯಾಗು ತಪಾಸಣೆ ಆಗಬೇಕು. ಅಮೆರಿಕದ ಟೆಕ್ಸಸ್‌ನಲ್ಲಿ 61 ವರ್ಷದ ಒಬ್ಬರಿಗೆ ಹೀಗೇ ಮಾಡಿದರು, ಸಾಮಾನು ಸರಂಜಾಮು ಎಲ್ಲ ಹುಡುಕಿ, ಕೋಣೆಯಲ್ಲಿ ಕೂರಿಸಿ, ಪಿಷ್ಟ ತುಂಬಿದ ಊಟ ತಿಂಡಿ ಕೊಟ್ಟು ನೋಡಿದರೆ ಮಟ್ಟ 100 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಏರಿತ್ತು. ಬಾರ್ಬರಾ ಕಾರ್ಡೆಲ್ ಮತ್ತು ಜಸ್ಟಿನ್ ಮೆಕಾರ್ಥಿ 2013ರಲ್ಲಿ ಬರೆದ ಈ ವರದಿಯ ನಂತರವೇ ಕಾಯಿಲೆಯ ಹೆಸರು ಅಮೆರಿಕದಲ್ಲಿ ಜನರ ಬಾಯಿಗೆ ಬಂತು. ಜಪಾನ್ ವೈದ್ಯರು ಮಾತ್ರ 1970ರ ದಶಕಕ್ಕೆಲ್ಲ ಇದನ್ನು ವಿವರವಾಗಿ ಬರೆದಿಟ್ಟಿದ್ದರು.

ಬ್ಯಾಗು ಹುಡುಕುತ್ತಾರೆ ಅಂತ ಅವಮಾನ ಮಾಡಿಕೊಳ್ಳಬೇಡಿ. ನೀವು ಸತ್ಯ ಹೇಳುತ್ತಿದ್ದರೆ ಆ ಹುಡುಕಾಟವೇ ನಾಳೆ ನಿಮ್ಮ ಪರವಾಗಿ ಮಾತಾಡುತ್ತದೆ.

ಮನೆಯಲ್ಲೇ ಗ್ಲೂಕೋಸ್ ಡಬ್ಬಿ ತಂದು ಈ ಪ್ರಯೋಗ ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ 200 ಗ್ರಾಂ ಗ್ಲೂಕೋಸ್ ಅಂದರೆ ನೇರ ಐಸಿಯು ದಾರಿ.

ಹೆಜ್ಜೆ 7: ಕಳ್ಳ ಯಾರು ಅಂತ ಹಿಡಿಯುವುದು

ಟೆಸ್ಟ್ ಪಾಸಿಟಿವ್ ಬಂದರೆ ಎಂಡೋಸ್ಕೋಪಿ ಮಾಡಿ ಕರುಳಿನ ದ್ರವ ತೆಗೆದು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಜೀವಿಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಲು ಕಳಿಸುತ್ತಾರೆ, ಮಲ ಪರೀಕ್ಷೆಯೂ ಇರುತ್ತದೆ. ಫಂಗಸ್ ಮತ್ತು ಬ್ಯಾಕ್ಟೀರಿಯಾ ಎರಡಕ್ಕೂ ನೋಡಬೇಕು, ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದನ್ನೂ ನೋಡಬೇಕು. ಸಿಗುವುದು ಹೆಚ್ಚಾಗಿ ಬ್ರೆಡ್ಡು, ಬಿಯರಿಗೆ ಬಳಸುವ ಸ್ಯಾಕರೋಮೈಸಿಸ್ ಯೀಸ್ಟು ಅಥವಾ ಕ್ಯಾಂಡಿಡಾ ಜಾತಿಯವು. ಆದರೆ ಬೀಜಿಂಗ್ ಸಂಶೋಧಕರು 2019ರಲ್ಲಿ ತೋರಿಸಿದ ರೋಗಿಗೆ ಫಂಗಸ್ ಔಷಧಿ ನಾಟಲೇ ಇಲ್ಲ. ಅಲ್ಲಿ ಮದ್ಯಸಾರ ಮಾಡುತ್ತಿದ್ದದ್ದು ಕ್ಲೆಬ್‌ಸಿಯೆಲ್ಲಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ. ಅವರು ಪರೀಕ್ಷಿಸಿದ, ಕುಡಿತದಿಂದ ಬಾರದ ಫ್ಯಾಟಿ ಲಿವರ್ ಇದ್ದವರಲ್ಲಿ ಸುಮಾರು 60% ಜನರ ಕರುಳಿನಲ್ಲಿ ಇಂಥ ತಳಿ ಇತ್ತು. ಅಮಲೇರುವಷ್ಟು ಅಲ್ಲ, ಲಿವರಿಗೆ ದಿನಾ ಸ್ವಲ್ಪ ಸ್ವಲ್ಪ ಪೆಟ್ಟು ಕೊಡುವಷ್ಟು.

ಇಲ್ಲಿ ಇನ್ನೊಂದು ಕಾಯಿಲೆ ಹೇಳಲೇಬೇಕು. ಕರುಳಿನ ಬಹುಭಾಗ ಆಪರೇಷನ್‌ನಲ್ಲಿ ಹೋದವರಿಗೆ ಪಿಷ್ಟ ಜಾಸ್ತಿ ತಿಂದಾಗ ಬ್ಯಾಕ್ಟೀರಿಯಾಗಳು ಡಿ-ಲ್ಯಾಕ್ಟೇಟ್ ಎಂಬ ಆಮ್ಲ ಮಾಡುತ್ತವೆ. ತೊದಲು, ತೂರಾಟ, ಗೊಂದಲ ಎಲ್ಲ ಕುಡಿದ ಹಾಗೇ, ರಕ್ತದಲ್ಲಿ ಮದ್ಯಸಾರ ಮಾತ್ರ ಸೊನ್ನೆ. ಆಸ್ಪತ್ರೆಯ ಮಾಮೂಲಿ ಲ್ಯಾಕ್ಟೇಟ್ ಟೆಸ್ಟಿನಲ್ಲಿ ಇದು ಕಾಣಲ್ಲ, ಬೇರೆಯೇ ಕೇಳಬೇಕು. ಯೀಸ್ಟಿನ ಕಾಯಿಲೆಗೆ ಆಂಟಿಬಯೋಟಿಕ್ ಶತ್ರುವಾದರೆ, ಇದಕ್ಕೆ ಅದೇ ಚಿಕಿತ್ಸೆಯ ಒಂದು ಭಾಗ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕಾಯಿಲೆಗೆ ತದ್ವಿರುದ್ಧ ಔಷಧಿ, ಹಾಗಾಗಿ ಟೆಸ್ಟ್ ಇಲ್ಲದೆ ಯಾವ ಮಾತ್ರೆಯನ್ನೂ ನುಂಗಬೇಡಿ. ಸಿರೋಸಿಸ್ ಇದ್ದವರಲ್ಲಿ ಕರುಳಿನ ಅಮೋನಿಯಾ ಮೆದುಳಿಗೆ ಏರಿಯೂ ಇಂಥದ್ದೇ ಮಂಕು ಬರುತ್ತದೆ. ಮಲಬದ್ಧತೆಯಾದರೆ ಅದು ಜೋರಾಗುತ್ತದೆ, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಕೊಡುವುದು ಅದಕ್ಕೇ.

ಹೆಜ್ಜೆ 8: ಔಷಧಿ, ಪಥ್ಯ

ಯೀಸ್ಟಿಗೆ ಫ್ಲುಕೊನಜೋಲ್, ನಿಸ್ಟಾಟಿನ್, ಇಟ್ರಾಕೊನಜೋಲ್, ಇವು ಬಗ್ಗಿಸದಿದ್ದರೆ ರಕ್ತನಾಳಕ್ಕೆ ಕೊಡುವ ಮೈಕಾಫಂಜಿನ್. ಫ್ಲುಕೊನಜೋಲ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ ಅಂತ ನೀವೇ ಶುರು ಮಾಡಬೇಡಿ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಜೊತೆ ಅದು ಸಕ್ಕರೆಯನ್ನು ತೀರಾ ಇಳಿಸಬಲ್ಲದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವದ ಭಯ ಇದೆ, ಲಿವರ್ ಟೆಸ್ಟ್ ನಡುನಡುವೆ ಮಾಡಿಸುತ್ತಿರಬೇಕು. ಭೇದಿಗೆ ಕೊಡುವ ಸ್ಯಾಕರೋಮೈಸಿಸ್ ಬೌಲಾರ್ಡಿ ಪುಡಿಯನ್ನೂ ಕೇಳದೆ ತಗೊಳ್ಳಬೇಡಿ. ಹೆಸರು ಪ್ರೊಬಯೋಟಿಕ್, ಆದರೆ ಅದೂ ಯೀಸ್ಟೇ. ಸ್ಟೇಟನ್ ಐಲೆಂಡ್ ರೋಗಿಯ ಮಲದಲ್ಲಿ ಅದೇ ಸಿಕ್ಕಿತ್ತು.

ಔಷಧಿಗಿಂತ ಕಷ್ಟ ಪಥ್ಯ. ನಮ್ಮ ತಟ್ಟೆ ತುಂಬ ಪಿಷ್ಟವೇ ಅಲ್ವಾ. ಅನ್ನ, ಚಪಾತಿ, ಜೋಳದ ರೊಟ್ಟಿ, ಇಡ್ಲಿ, ಅವಲಕ್ಕಿ, ಆಲೂಗಡ್ಡೆ, ಬಾಳೆಹಣ್ಣು, ಜ್ಯೂಸ್ ಎಲ್ಲ ಬಿಡಬೇಕು. "ಸಕ್ಕರೆ ಮುಟ್ಟಲ್ಲ, ಬೆಲ್ಲ ಮಾತ್ರ" ಅನ್ನುವುದು ನಡೆಯಲ್ಲ. "ಮುದ್ದೆ ಆರೋಗ್ಯಕ್ಕೆ ಒಳ್ಳೇದು" ಅನ್ನುವುದೂ ನಡೆಯಲ್ಲ, ರಾಗಿಯಲ್ಲೂ ಜಾಸ್ತಿ ಇರುವುದು ಪಿಷ್ಟವೇ. ಮೊಟ್ಟೆ, ಮೀನು, ಕೋಳಿ, ಪನೀರ್, ಸೊಪ್ಪು, ಬೀನ್ಸ್, ಸೋರೆ, ಹೀರೆ, ಕಾಯಿತುರಿ, ಒಂದು ಹಿಡಿ ಕಡಲೆಕಾಯಿ ಉಳಿಯುತ್ತವೆ. ಸಸ್ಯಾಹಾರಿಗಳಿಗೆ ಬೇಳೆ ಎಷ್ಟು ಅನ್ನುವುದನ್ನು ಡಯಟೀಷಿಯನ್ ಹತ್ತಿರ ಕೂತೇ ಲೆಕ್ಕ ಹಾಕಬೇಕು. ಇನ್ಸುಲಿನ್ ತಗೊಳ್ಳುವವರು ಡೋಸ್ ಬದಲಿಸದೆ ಅನ್ನ ಬಿಟ್ಟರೆ ಮೊದಲ ಹೆಜ್ಜೆಯ ಗ್ಲುಕೋಮೀಟರ್ ಮತ್ತೆ ಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತಗೊಳ್ಳುವವರಲ್ಲಿ ಪಿಷ್ಟ ಪೂರ್ತಿ ಬಿಟ್ಟರೆ ಕೀಟೋನ್ ಏರುವ ಅಪಾಯ ಇದೆ. ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರಕ್ಕೆ ಹರಿಸುತ್ತವೆ, ಪಿಟ್ಸ್‌ಬರ್ಗ್ ಮಹಿಳೆಯಲ್ಲಿ ಯೀಸ್ಟು ಹುಳಿಸಿದ್ದು ಮೂತ್ರದ ಸಕ್ಕರೆಯನ್ನೇ ಅನ್ನುವುದನ್ನೂ ನಿಮ್ಮ ವೈದ್ಯರಿಗೆ ನೆನಪಿಸಿ.

ಕದ್ದು ತಿಂದರೆ ಏನಾಗುತ್ತದೆ? ಸ್ಟೇಟನ್ ಐಲೆಂಡ್ ರೋಗಿ ಚಿಕಿತ್ಸೆ ನಡುವೆ ಪಿಜ್ಜಾ ತಿಂದು ಸೋಡಾ ಕುಡಿದರು, ಕಾಯಿಲೆ ಜೋರಾಗಿ ಮರುಕಳಿಸಿತು. ಮೈಕಾಫಂಜಿನ್ ಬೇಕಾಗಿದ್ದು ಆಮೇಲೇ. ಬೆಲ್ಜಿಯಂನ ಘೆಂಟ್‌ನಲ್ಲಿ ಪಥ್ಯ, ಫಂಗಸ್ ಔಷಧಿ ಎರಡಕ್ಕೂ ಜಗ್ಗದ 47 ವರ್ಷದವರೊಬ್ಬರಿಗೆ ಅವರ ಮಗಳ ಮಲದಿಂದ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕರುಳಿಗೆ ಸೇರಿಸಿದರು, ಗುಣವಾಯಿತು. 2020ರ ವರದಿ ಅದು. ಕೇಳಲು ಅಸಹ್ಯ ಅನಿಸಿದರೂ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ಕೊಡುವ ಚಿಕಿತ್ಸೆ. ಮನೆಯಲ್ಲಿ ಮಾಡುವಂಥದ್ದಲ್ಲ.

ಹೆಜ್ಜೆ 9: ಗಾಡಿ ಕೀ ಬೇರೆಯವರ ಕೈಗೆ ಕೊಡಿ

ಹೊಟ್ಟೆಯಲ್ಲಿ ಹುಟ್ಟಿದ್ದಾದರೂ ಮದ್ಯಸಾರ ಮದ್ಯಸಾರವೇ, ರಸ್ತೆ ದಾಟುತ್ತಿದ್ದವರಿಗೆ ಬಡಿಯುವ ಬಂಪರ್ ಅದೇ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಎಲ್ಲಿಂದ ಬಂತು ಅಂತ ಆ ಕಲಂ ಕೇಳುವುದಿಲ್ಲ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಪೊಲೀಸರು ಊದಿ ಅಂದಾಗ ಊದಲ್ಲ ಅಂತ ಹಠ ಹಿಡಿಯಬೇಡಿ, ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ ಅದೂ ನಿಮ್ಮ ವಿರುದ್ಧ ಹೋಗಬಹುದು. ರಕ್ತ ಪರೀಕ್ಷೆ ಕೇಳಿ, ರಿಪೋರ್ಟಿನ ಪ್ರತಿ ಇಟ್ಟುಕೊಳ್ಳಿ, ವಕೀಲರ ಜೊತೆ ಮಾತಾಡಿ.

2024ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಬ್ರೂಗ್ಸ್ ಕೋರ್ಟು 40 ವರ್ಷದ ಒಬ್ಬರನ್ನು ಖುಲಾಸೆ ಮಾಡಿತು. ಎರಡು ಸಲ ಸಿಕ್ಕಿದ್ದರು, ಉಸಿರಿನ ಲೀಟರಿಗೆ 0.91 ಮತ್ತು 0.71 ಮಿಲಿಗ್ರಾಂ, ಅಲ್ಲಿನ ಮಿತಿ 0.22. ಸಾಲದ್ದಕ್ಕೆ ಆ ಮನುಷ್ಯನ ಕೆಲಸ ಬಿಯರ್ ಕಾರ್ಖಾನೆಯಲ್ಲಿ! ಮೂವರು ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಕಾಯಿಲೆ ಇದೆ ಅಂದ ಮೇಲೆ ಕೋರ್ಟು ಒಪ್ಪಿತು. ಆದರೆ ಅವರಿಗೆ ಕಾಯಿಲೆ ಇರುವುದು ಸಿಕ್ಕಿಬಿದ್ದಾಗ ಗೊತ್ತಿರಲಿಲ್ಲ. ಗೊತ್ತಿದ್ದೂ ಸ್ಟೀರಿಂಗ್ ಹಿಡಿದವರಿಗೆ ಅದೇ ವಾದ ಹೊಂದುತ್ತದೆ ಅಂತ ನಾನು ನಂಬಲ್ಲ.

ಗ್ಲೂಕೋಸ್ ಟೆಸ್ಟಿನ ರಿಪೋರ್ಟು, ಕಲ್ಚರ್ ರಿಪೋರ್ಟು, ವೈದ್ಯರ ಪತ್ರ ಮೂರನ್ನೂ ಒಂದು ಫೈಲಿನಲ್ಲಿಟ್ಟು ಫೋನಿನಲ್ಲೂ ಫೋಟೋ ತೆಗೆದಿಡಿ. ಹಲ್ಲು ಕೀಳಿಸಲು ಹೋದರೂ, ಜ್ವರಕ್ಕೆ ಹೋದರೂ ಮೊದಲು ಆ ಫೈಲು ತೋರಿಸಿ, ಆಂಟಿಬಯೋಟಿಕ್ ನಿಜವಾಗಿ ಬೇಕಾ ಅಂತ ಕೇಳಿ. ಬೇಕೇಬೇಕು ಅಂದರೆ ತಗೊಳ್ಳಿ, ಆದರೆ ಕರುಳಿನ ವೈದ್ಯರಿಗೆ ಆ ದಿನವೇ ತಿಳಿಸಿ, ಕೋರ್ಸ್ ಮುಗಿದ ಮೇಲೂ ಕೆಲವು ವಾರ ಊದುವ ಯಂತ್ರವನ್ನು ಬೀರುವಿನಿಂದ ಹೊರಗೇ ಇಟ್ಟಿರಿ.